ನಮಗಿಂತ ಹಿರಿಯ ಟ್ರಸ್ಟಿಗಳು

ಕಳೆದ ವಾರ ಒಂದು ದಿನ ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತೆ.

ಅದೇನು ದೊಡ್ಡ ವಿಷಯ ಅನ್ನಬೇಡಿ. ನಮ್ಮ ಮನೆಯಲ್ಲಿ ದೊಡ್ಡದೇ. ನನ್ನ ಬೆಳಗಿನ ಕೆಲಸಗಳು ಲೋಕಲ್ ಟ್ರೇನಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಜೋಡಿಸಿಕೊಂಡಿರುತ್ತವೆ. ನಲ್ಲಿ ತಿರುಗಿಸಿ ನೀರು ಬಂತೇ ನೋಡುವುದು, ಡ್ರಮ್ಮು ತುಂಬುವುದು, ಹಾಲು ಕಾಯಿಸುವುದು, ದೇವರ ದೀಪ, ಚಹಾ, ಆಮೇಲೆ ತಿಂಡಿ. ಕೈಗೇ ಎಲ್ಲ ಗೊತ್ತು, ತಲೆಯ ಅಗತ್ಯವಿಲ್ಲ. ಅವತ್ತು ಕಾಯಿಸಿದ ಹಾಲನ್ನೇ ಮತ್ತೊಮ್ಮೆ ಕಾಯಿಸಿದೆ. ಸಾಸಿವೆ ಸಿಡಿಯುವ ಮೊದಲೇ ಈರುಳ್ಳಿ ಸುರಿದೆ. ಒಲೆಯ ಮುಂದಿನಿಂದ ಎದ್ದುಬಿದ್ದು ಹಾಲ್‌ಗೆ ಹೋಗಿ, ಯಾಕೆ ಬಂದೆ ಎಂದು ನೆನಪಾಗದೆ ವಾಪಸ್ ಬಂದೆ.

ನಮ್ಮ ಮನೆಯವರು ಆ ಸಪ್ಪೆ ಉಪ್ಪಿಟ್ಟನ್ನು ತುಟಿಪಿಟಕ್ಕೆನ್ನದೆ ತಿಂದು ಎದ್ದರು. ಉಪ್ಪು ಒಂದು ಹರಳು ಕಡಿಮೆಯಾದರೂ ಇಡೀ ಬಿಲ್ಡಿಂಗಿಗೆ ಕೇಳುವಂತೆ ಹೇಳುವ ಮನುಷ್ಯ. ಸುಮ್ಮನೆ ತಿಂದರೆಂದರೆ ಅವರ ತಲೆಯೂ ಜಾಗದಲ್ಲಿಲ್ಲ ಎಂದೇ ಅರ್ಥ.

ಹೇಳಿದವಳು ಮಗಳು ಮಂಜರಿ. "ಅಮ್ಮಾ, ಇವತ್ತು ಉಪ್ಪಿಟ್ಟು ಸಿಟ್ಟು ಮಾಡ್ಕೊಂಡದ," ಅಂದು, ತಾನೇ ಎದ್ದು ಉಪ್ಪಿನಕಾಯಿ ಭರಣಿ ತಂದಳು.

ಈ ಅಂಕಣ ಓದುತ್ತಾ ಬಂದವರಿಗೆ ನಮ್ಮ ಮಂಜರಿ ಗೊತ್ತು. ಹೊಸಬರಿಗೆ ಎರಡು ಮಾತು. ನಮಗಿರುವವಳು ಅವಳೊಬ್ಬಳೇ. ಮೂವತ್ತು ದಾಟಿದ್ದಾಳೆ. ಬುದ್ಧಿ ಮಾತ್ರ ಏಳೆಂಟು ವರ್ಷದ ಹುಡುಗಿಯ ಹತ್ತಿರ ನಿಂತು, ಅಲ್ಲೇ ಆರಾಮಾಗಿದೆ. ಆರಾಮವಿಲ್ಲದವರು ನಾವು.

ನಾವಿರುವುದು ಡೊಂಬಿವಲಿ ಈಸ್ಟಿನ ಒಂದು ಹಳೆಯ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಬೇರೆಯವರಿಗೆ ಅದು ಕೊರತೆ, ಮಂಜರಿಗೆ ಅದೇ ಸ್ವಾತಂತ್ರ್ಯ. ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ಅವಳಿಗೆ ಉಸಿರು ಕಟ್ಟುತ್ತದೆ, ಕಿರುಚುತ್ತಾಳೆ. ಎಷ್ಟು ಡಾಕ್ಟರಿಗೆ ತೋರಿಸಿದರೂ ಅದು ಹೋಗಲಿಲ್ಲ. ಮೆಟ್ಟಿಲಾದರೆ ಅವಳೇ ರಾಣಿ. ಗೋಡೆ ಸವರುತ್ತಾ ಇಳಿದು, ಗೇಟಿನ ಪಕ್ಕದ ಭಾಜಿವಾಲಿಯ ಹತ್ತಿರ ಕೊತ್ತಂಬರಿ ಕೊಂಡು, ಬರುವಾಗ ದಾರಿಯಲ್ಲಿ ತೆರೆದಿದ್ದ ಬಾಗಿಲುಗಳನ್ನೆಲ್ಲ ಮಾತಾಡಿಸಿಕೊಂಡು ಬರುತ್ತಾಳೆ. ಕೊತ್ತಂಬರಿ ಮನೆ ಸೇರುವಾಗ ಅರ್ಧ ಬಾಡಿರುತ್ತದೆ. ಮನೆ ಅಂದರೆ ಅವಳಿಗೆ ನಮ್ಮ ಎರಡು ಕೋಣೆಯಲ್ಲ, ಆ ಮೆಟ್ಟಿಲು.

ಆ ಬಿಲ್ಡಿಂಗ್ ಈಗ ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ. ಹಳೆಯದನ್ನು ಕೆಡವಿ ಬಿಲ್ಡರ್ ಟವರ್ ಕಟ್ಟುತ್ತಾನೆ, ಇರುವವರಿಗೆಲ್ಲ ಅದರಲ್ಲಿ ಒಂದೊಂದು ಹೊಸ ಫ್ಲ್ಯಾಟ್. ಎಲ್ಲರ ಮನೆಯಲ್ಲೂ ಒಂದೇ ಮಾತು. ಯಾವ ಮಹಡಿ, ಯಾವ ದಿಕ್ಕು, ಕಿಚನ್ ಎಷ್ಟು ದೊಡ್ಡದು? ನಮ್ಮ ಮನೆಯಲ್ಲಿ ಮಾತ್ರ ಬೇರೆ ಮಾತು. ನಾವಿಬ್ಬರೂ ಹೋದ ಮೇಲೆ ಆ ಫ್ಲ್ಯಾಟಿನಲ್ಲಿ ಮಂಜರಿಯನ್ನು ಇರಗೊಡುವವರು ಯಾರು?

(ಬರೆದುಬಿಟ್ಟೆ ನೋಡಿ. ಈ ಒಂದು ಸಾಲು ಬಾಯಿಂದ ಹೊರಡಲು ನಮಗೆ ವರ್ಷಗಳೇ ಬೇಕಾದವು.)

ಅದಕ್ಕೇ ಅವತ್ತು ಠಾಣೆ ಶಹರಕ್ಕೆ ಹೊರಟಿದ್ದೆವು, ವಕೀಲರ ಹತ್ತಿರ. ವಿಲ್ ಬರೆಸುವುದು, ಅದರೊಳಗೇ ಒಂದು ಟ್ರಸ್ಟ್ ಮಾಡುವುದು. ಇದೇನೋ ಶ್ರೀಮಂತರ ವ್ಯವಹಾರ ಅಂದುಕೊಂಡಿದ್ದೆ, ಅಲ್ಲವಂತೆ. ನಮ್ಮ ನಂತರ ಮನೆ ನೇರವಾಗಿ ಮಂಜರಿಯ ಕೈಗೆ ಬರುವುದಿಲ್ಲ, ಟ್ರಸ್ಟಿಗಳ ಕೈಗೆ ಹೋಗುತ್ತದೆ. ಅವಳಿಗೋಸ್ಕರ. ಇರುವವಳು ಅವಳು, ಸಹಿ ಅವರದು. ಅವಳನ್ನು ಪುಸಲಾಯಿಸಿ ಯಾರೂ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲಾರರು. ಕೇಳುವುದಕ್ಕೆ ಎಷ್ಟು ಚೆಂದ, ಅಲ್ಲವೇ?

ಆದರೆ ಆ ಟ್ರಸ್ಟಿಗಳು ಯಾರು?

ಮನೆ ಬಾಡಿಗೆಗೆ ಕೊಡುವಾಗ ನಾವು ಪೊಲೀಸ್ ವೆರಿಫಿಕೇಶನ್ ಮಾಡಿಸುತ್ತೇವೆ. ಮಿಕ್ಸರ್ ಕೊಳ್ಳುವ ಮೊದಲು ಅಕ್ಕಪಕ್ಕದವರನ್ನೆಲ್ಲ ವಿಚಾರಿಸುತ್ತೇವೆ. ಟ್ರಸ್ಟಿಗಳನ್ನು ಹೇಗೆ ಆರಿಸಿದೆವು ಗೊತ್ತೇ? ಮದುವೆಗೆ ಕರೆಯಲು ಹೋದ ಹಾಗೆ.

ಉತ್ತರ ಕರ್ನಾಟಕದ ನಮ್ಮ ಮನೆಗಳ ಪದ್ಧತಿ ನಿಮಗೆ ಗೊತ್ತಿದ್ದದ್ದೇ. ಯಾವ ಮಾತೇ ಆಗಲಿ, ಮೊದಲು ಹಿರಿಯರ ಕಿವಿಗೆ ಬೀಳಬೇಕು. ದೊಡ್ಡವರನ್ನು ಬಿಟ್ಟು ಸಣ್ಣವರಿಗೆ ಹೇಳಿದಿರೋ, ಮುಂದಿನ ಹತ್ತು ವರ್ಷ ಆ ಮನೆಯ ಮುಂಜಿಗೂ ಕರೆ ಬರುವುದಿಲ್ಲ. ಹೀಗಾಗಿ ಇವರ ಅಣ್ಣ, ಅಂದರೆ ನನ್ನ ಭಾವನವರು ಕಲ್ಯಾಣದಲ್ಲಿದ್ದಾರೆ, ಅವರು ಮೊದಲು. ಇವರ ಕಡೆಯವರೊಬ್ಬರಾದ ಮೇಲೆ ನನ್ನ ಕಡೆಯವರೊಬ್ಬರು ಬೇಡವೇ? ನನ್ನ ಅಣ್ಣ. ಇಬ್ಬರೂ ಮನೆಯವರೇ ಆದರಲ್ಲ, ಹೊರಗಿನವರೊಬ್ಬರು ಇರಲಿ ಎಂದು ಇಲ್ಲಿನ ಕನ್ನಡ ಸಂಘದಲ್ಲಿ ಬಹಳ ವರ್ಷ ದುಡಿದ ದೇಶಪಾಂಡೆ ಸರ್. ಮೂರು ಮನೆಗೂ ಪೇಡೆ ಡಬ್ಬಿ ಹಿಡಿದುಕೊಂಡೇ ಹೋಗಿದ್ದೆವು.

ದೇಶಪಾಂಡೆ ಸರ್, ಮೂವರಲ್ಲಿ ಅಧ್ಯಕ್ಷರು ಯಾರು ಎಂದು ವಿಚಾರಿಸಿದರು. ನನ್ನ ಅಣ್ಣ ತನ್ನ ಹೆಸರು ಎರಡನೆಯದೋ ಮೂರನೆಯದೋ ಎಂದು ಕೇಳಿ, ಎರಡನೆಯದು ಅಂದಮೇಲೆ ಪೇಡೆ ಬಾಯಿಗಿಟ್ಟುಕೊಂಡ. ಭಾವನವರಿಗೆ ಮಾತ್ರ ವಿಲ್ ಎಂಬ ಶಬ್ದವೇ ಹಿಡಿಸಲಿಲ್ಲ. "ಮನ್ಯಾಗ ದೀಪ ಹಚ್ಚೋ ಹೊತ್ನ್ಯಾಗ ಇಂಥಾ ಮಾತು ಯಾಕ? ಬಿಡ್ತು ಅನ್ರಿ. ನಾ ಇದ್ದೀನಲ್ಲ," ಅಂದರು, ಬೈಪಾಸ್ ಆದ ಎದೆಯ ಮೇಲೆ ಕೈ ಇಟ್ಟುಕೊಂಡು. ನಾವು ಬಿಡ್ತು ಅಂದು, ಕಾಲಿಗೆ ಬಿದ್ದು, ತೃಪ್ತರಾಗಿ ಬಂದೆವು.

ಮಂಜರಿಯನ್ನು ಎದುರು ಬಾಗಿಲಿನ ವೈಶಾಲಿಯ ಹತ್ತಿರ ಬಿಟ್ಟು ಅವತ್ತು ಠಾಣೆಗೆ ಹೊರಟದ್ದು ಅದೇ ತೃಪ್ತಿಯಲ್ಲಿ. ಹಾಗಿದ್ದರೆ ಉಪ್ಪು ಯಾಕೆ ಮರೆತೆ ಅಂತೀರಾ? ಅದು ನನಗೂ ಗೊತ್ತಾದದ್ದು ಠಾಣೆಯ ಮಾಜಿವಾಡಾದಲ್ಲಿ, ವಕೀಲೆಯ ಎದುರು ಕೂತಾಗ.

ವಕೀಲೆಯ ಆಫೀಸು ಒಂದು ಔಷಧಿ ಅಂಗಡಿಯ ಮೇಲಿದೆ. ಕಿಟಕಿಯಾಚೆ ಹೈವೇ, ಒಂದರ ಮೇಲೊಂದು ಫ್ಲೈಓವರು, ಕೆಳಗೆ ಮೆಟ್ರೋದ ಕಂಬಗಳು. ಟೇಬಲ್ ಮೇಲೆ ಒಡೆದ ಹಿಡಿಕೆಯ ಕಪ್ಪಿನಲ್ಲಿ ಒಂದು ಪುಟ್ಟ ತುಳಸಿ. ನಲವತ್ತು ದಾಟಿರದ ಮರಾಠಿ ಹುಡುಗಿ (ನನಗೆ ಈಗ ನಲವತ್ತರವರೆಲ್ಲ ಹುಡುಗಿಯರೇ). ನಾವು ಸೊಸೈಟಿಯಲ್ಲಿ ನಾಮಿನೇಶನ್ ತುಂಬಿದ್ದೇವೆ, ಅಷ್ಟು ಸಾಲದೇ ಎಂದು ಇವರು ಕೇಳಿದ್ದಕ್ಕೆ ಆಕೆ ನಕ್ಕಳು. ಕೊರಿಯರ್ ಬಂದಾಗ ನೀವಿಲ್ಲದಿದ್ದರೆ ವಾಚ್‌ಮನ್ ಸಹಿ ಮಾಡಿ ತೆಗೆದುಕೊಳ್ಳುತ್ತಾನಲ್ಲ, ನಾಮಿನಿ ಅಂದರೆ ಹೆಚ್ಚುಕಡಿಮೆ ಅಷ್ಟೇ, ಪಾರ್ಸೆಲ್ ಅವನದಾಗುವುದಿಲ್ಲ ಎಂದು ವಿವರಿಸಿದಳು. ಆಮೇಲೆ ನಮ್ಮ ಮೂವರು ಟ್ರಸ್ಟಿಗಳ ಹೆಸರು, ವಯಸ್ಸು ಬರೆದುಕೊಂಡಳು. ಬರೆದು, ಪೆನ್ನು ಕೆಳಗಿಟ್ಟಳು.

"ಕಾಕಾ, ಇವರಲ್ಲಿ ಒಬ್ಬರಾದರೂ ನಿಮಗಿಂತ ಚಿಕ್ಕವರಿದ್ದಾರಾ?"

ಇವರು ಬೆರಳು ಮಡಿಸಿ ಎಣಿಸಿದರು. ನಮ್ಮಿಬ್ಬರ ನಂತರ ಕೆಲಸ ಶುರುಮಾಡಬೇಕಾದವರು ಮೂವರೂ ನಮಗಿಂತ ಮೊದಲೇ ಹೊರಡುವ ಸಾಲಿನಲ್ಲಿ ನಿಂತವರು. ಮಂಜರಿಗೆ ಅರವತ್ತಾಗುವ ಹೊತ್ತಿಗೆ ಭಾವನವರಿಗೆ ನೂರು ದಾಟಿರುತ್ತದೆ. ಅಧ್ಯಕ್ಷರಾಗಲಿದ್ದ ದೇಶಪಾಂಡೆ ಸರ್ ವಿಷಯ ಕೇಳಲೇಬೇಡಿ.

ಹೇಗೆ ಹೊಳೆಯಲಿಲ್ಲ? ಇಬ್ಬರೂ ಓದಿದವರು. ಇವರು ಇಡೀ ಸರ್ವೀಸು ಅಕೌಂಟ್ಸ್‌ನಲ್ಲೇ ಕಳೆದವರು. ಗೌರವ ಕೊಡುವ ಭರದಲ್ಲಿ ಲೆಕ್ಕವೇ ಮರೆತುಹೋಗಿತ್ತು. ಹಿರಿಯರನ್ನು ಬಿಟ್ಟು ಸಣ್ಣವರನ್ನು ಕೇಳುವುದು ಹೇಗೆ ಎಂದು ಇವರು ಮೆತ್ತಗೆ ಸಮರ್ಥಿಸಿಕೊಂಡರು. ಇದು ಲಗ್ನಪತ್ರಿಕೆ ಅಲ್ಲ ಕಾಕಾ, ಅಂದಳು ಆಕೆ. ಆಶೀರ್ವಾದ ಬೇರೆ, ಉಸಾಬರಿ ಬೇರೆ.

ಚಿಕ್ಕವನೊಬ್ಬನಿದ್ದಾನೆ ಎಂದು ನಾನು ಪ್ರಣವನ ಹೆಸರು ಹೇಳಿದೆ. ಭಾವನವರ ಮಗ, ಸೀವುಡ್ಸ್‌ನಲ್ಲಿದ್ದಾನೆ, ಫೈನಾನ್ಸ್ ಕೆಲಸ, ಒಳ್ಳೆಯ ಹುಡುಗ. ಮಂಜರಿಯ ನಂತರ ಮನೆ ಅವನಿಗೇ ಹೋಗಲಿ ಎಂದೂ ನಾವು ಮಾತಾಡಿಕೊಂಡಿದ್ದೆವು. ಆಕೆ ತಲೆ ಅಲ್ಲಾಡಿಸಿದಳು. ನಾಳೆ ಮನೆ ಯಾರಿಗೆ ಸಿಗುತ್ತದೋ ಅವನೊಬ್ಬನ ಕೈಗೇ ಇವತ್ತು ಅವಳ ಇರವನ್ನು ಒಪ್ಪಿಸಬೇಡಿ, ಜೊತೆಗೆ ಇನ್ನೊಬ್ಬರಿರಲಿ ಅಂದಳು. ಹಾಲಿಗೆ ಬೆಕ್ಕನ್ನು ಕಾವಲಿಟ್ಟ ಹಾಗಾಗುತ್ತದೆ ಅನ್ನುವುದನ್ನು ಮರಾಠಿಯಲ್ಲಿ ನಯವಾಗಿ ಹೇಳಿದ್ದು ಅದು. ಒಳ್ಳೆಯ ಬೆಕ್ಕೇ ಇರಬಹುದು. ಆದರೂ ಹಾಲು ಹಾಲೇ.

ಆಮೇಲೆ ಆಕೆ ನನ್ನ ಕಡೆ ತಿರುಗಿದಳು. ಸೊಸೈಟಿ ಮೀಟಿಂಗಿಗೆ ಅವಳ ಪರವಾಗಿ ಹೋಗಿ ಕೂರುವವರು ಯಾರು? ಮೇಲಿನ ಮನೆಯ ನೀರು ಇವಳ ಗೋಡೆಗೆ ಇಳಿದರೆ? ಯಾರೋ ಬಂದು ಮನೆ ಮಾರು ಎಂದು ಒತ್ತಾಯ ಮಾಡಿದರೆ? ನನ್ನ ಬಾಯಲ್ಲಿ ಒಂದೇ ಉತ್ತರ. ಎಲ್ಲರೂ ಬಹಳ ಒಳ್ಳೆಯವರು ಅಂದೆ.

"ಒಳ್ಳೆಯವರು ಸರಿ ಕಾಕೂ. ಅವಳ ಸಲುವಾಗಿ ಜಗಳ ಆಡ್ತಾರಾ?"

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ದನಿ ಏರಿಸಿ ಮಾತಾಡುವುದನ್ನು ಸಿಸ್ಟರ್‌ಗಳು ಅಪರಾಧದ ಸಾಲಿಗೆ ಸೇರಿಸಿದ್ದರು. ಪ್ಲೀಸ್, ಸಾರಿ, ಥ್ಯಾಂಕ್ಯೂ, ಈ ಮೂರರಲ್ಲೇ ನನ್ನ ಸಂಸಾರ ಸಾಗಿದೆ. ರಿಕ್ಷಾದವನು ಸುತ್ತಿಸಿ ಕರೆತಂದರೂ ಥ್ಯಾಂಕ್ಯೂ ಅಂದು ಇಳಿಯುವವಳು. ನನಗೆ ಬೇಕಾದವರೆಲ್ಲ ನನ್ನಂಥವರೇ. ಜಗಳ ಬಾರದವರನ್ನೇ ಹುಡುಕಿ ಹುಡುಕಿ ಹತ್ತಿರ ಮಾಡಿಕೊಂಡಿದ್ದೇನೆ. ಈಗ ಜಗಳಗಂಟರನ್ನು ಎಲ್ಲಿಂದ ತರಲಿ?

ಉಪ್ಪು ಮರೆತದ್ದು ಇದಕ್ಕೇ ಇರಬೇಕು. ಮೂವರೂ ಹೂಂ ಅಂದಿದ್ದರು, ಒಬ್ಬರೂ ಮಂಜರಿಯ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ.

ಯೋಚಿಸಿ ಬನ್ನಿ, ಅವಸರವಿಲ್ಲ ಅಂದಳು ವಕೀಲೆ. ಅವಸರವಿಲ್ಲ ಎಂದು ಯಾರು ಹೇಳಿದರೂ ನನಗೆ ಅವಸರ ಶುರುವಾಗುತ್ತದೆ.

ಪ್ರಣವನಿಗೆ ಕೆಲಸದ ಮೇಲೆ ಠಾಣೆಗೆ ಬರುವುದಿತ್ತು, ಮಧ್ಯಾಹ್ನ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಸಿಕ್ಕ. ಇಲ್ಲೇ ಹುಟ್ಟಿ ಬೆಳೆದವನು, ನಾವು ಕನ್ನಡದಲ್ಲಿ ಕೇಳುತ್ತೇವೆ, ಅವನು ಹಿಂದಿಯಲ್ಲಿ ಉತ್ತರಿಸುತ್ತಾನೆ, ಸಂಬಂಧ ಚೆನ್ನಾಗಿಯೇ ಇದೆ. ಮಂಜರಿಗೆಂದು ಅವಳಿಗಿಷ್ಟದ ಬಿಸ್ಕತ್ತಿನ ಪೊಟ್ಟಣ ತಂದಿದ್ದ. ವಿಷಯ ಹೇಳುತ್ತಿದ್ದ ಹಾಗೇ ಒಪ್ಪಿದ. ಇವನ ಅಪ್ಪನಿಗೆ ಅಶುಭ ಅನಿಸಿದ್ದು ಇವನಿಗೆ ಫೈನಾನ್ಶಿಯಲ್ ಪ್ಲಾನಿಂಗ್. ಒಂದು ತಲೆಮಾರಿನಲ್ಲಿ ಎಷ್ಟು ದೂರ ಬಂದಿದ್ದೇವೆ ಎಂದು ಖುಷಿಯೇ ಆಯಿತು ನನಗೆ.

ಮೂವರು ಹಿರಿಯರು ಕೇಳದ ಪ್ರಶ್ನೆಗಳನ್ನೆಲ್ಲ ಅವನು ಕೇಳಿದ. ಮೇಂಟೆನನ್ಸ್ ಎಷ್ಟು ಬರಬಹುದು, ಅವಳ ಔಷಧಿ ಯಾವುದು, ಅವಳ ಕಾಗದಪತ್ರ ಎಲ್ಲಿವೆ. ಆಮೇಲೆ ಹೊಸ ಟವರಿನಲ್ಲಿ ಆದಷ್ಟು ಮೇಲಿನ ಮಹಡಿ ಕೇಳಿಕೊಳ್ಳಿ ಅಂದ. ಮೇಲೆ ಹೋದಷ್ಟೂ ರೇಟು ಹೆಚ್ಚು. ಅಕ್ಕ ಲಿಫ್ಟ್ ಹತ್ತುವುದಿಲ್ಲವಲ್ಲೋ ಅಂದೆ ನಾನು. ಅವನು ನನ್ನ ಕೈ ಮೇಲೆ ಕೈ ಇಟ್ಟ.

"ಕಾಕೂ, ಪ್ರಾಕ್ಟಿಕಲ್ ಆಗಿ ಸೋಚೋ. ದೀದಿ ಅಲ್ಲಿ ಅಕೇಲಿ ಥೋಡೀ ರಹೇಗಿ?"

ಅಕ್ಕ ಅಲ್ಲಿ ಒಬ್ಬಳೇ ಎಲ್ಲಿರುತ್ತಾಳೆ ಅಂತ. ಅವನ ಯೋಚನೆ ಹೀಗಿತ್ತು. ನಮ್ಮ ನಂತರ ಆ ಫ್ಲ್ಯಾಟನ್ನು ಒಳ್ಳೆಯ ಬೆಲೆಗೆ ಮಾರುವುದು, ಬಂದದ್ದನ್ನು ಭದ್ರವಾಗಿಡುವುದು, ಅದರ ಬಡ್ಡಿಯಲ್ಲಿ ಮಂಜರಿಯನ್ನು ಕರ್ಜತ್ ಕಡೆಯ ಒಂದು ಒಳ್ಳೆಯ ಕೇಂದ್ರದಲ್ಲಿ ಇಡುವುದು. ನರ್ಸ್ ಇರುತ್ತಾರೆ, ಗಾರ್ಡನ್ ಇದೆ, ಅವಳಂಥವರೇ ಹತ್ತಾರು ಜನ ಜೊತೆಗಿರುತ್ತಾರೆ. ಫೋನಿನಲ್ಲಿ ಫೋಟೋ ತೋರಿಸಿದ. ಚೆನ್ನಾಗಿತ್ತು. ಹುಲ್ಲು ಒಂದೇ ಸಮ ಕತ್ತರಿಸಿದ್ದರು. ಬೆಂಚುಗಳೆಲ್ಲ ಖಾಲಿ.

ಅವನು ತಪ್ಪು ಹೇಳಲಿಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಬಿಲ್ ಕೊಟ್ಟು ಎದ್ದು ಬರಬಹುದಿತ್ತು. ಇವನು ಪ್ರೀತಿಯಿಂದಲೇ ಹೇಳುತ್ತಿದ್ದ, ಬಿಲ್ ಕೂಡ ತಾನೇ ಕೊಟ್ಟ. ನಾನು ಏನಂದೆ? ಥ್ಯಾಂಕ್ಯೂ ಅಂದೆ.

ಟ್ರೇನಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು, ಮಧ್ಯಾಹ್ನದ ಪುಣ್ಯ. ಮುಂಬ್ರಾದ ಗುಡ್ಡ, ಖಾಡಿಯ ಉಪ್ಪುನೀರು ಎಲ್ಲ ಹಿಂದೆ ಹೋಗುತ್ತಿದ್ದವು. ನಾನು ಪರ್ಸಿನ ಜಿಪ್ ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು. ದಿವಾ ದಾಟಿದ ಮೇಲೆ ಇವರು ಬಾಯಿ ತೆಗೆದರು.

"ಅಂವಾ ಹೇಳಿದ್ದ್ರಾಗ ತಪ್ಪೇನದ?"

"ಏನಿಲ್ರಿ."

"ಮತ್ತ?"

ಮನೆ ಯಾರ ಹೆಸರಿಗೆ ಎಂಬುದನ್ನು ವಿಲ್‌ನಲ್ಲಿ ಬರೆಯಬಹುದು. ಬಾಗಿಲು ತೆರೆದಿರಲಿ, ಅವಳು ಬಂದು ತಟ್ಟಿದರೆ ಯಾರಾದರೂ ಓಗೊಡಲಿ ಎಂಬುದನ್ನು ಯಾವ ಕಲಮಿನಲ್ಲಿ ಬರೆಸುತ್ತೀರಿ? ಮನೆ ಮಾರಕೂಡದು ಎಂದು ಬರೆಸಬಹುದು. ಯಾವುದೋ ಮೇಲಿನ ಮಹಡಿಯ ಮನೆಯೊಳಗೆ, ಲಿಫ್ಟಿಗೆ ಹೆದರಿ, ಬಾಲ್ಕನಿಯ ಗ್ರಿಲ್ ಹಿಡಿದು ನಿಂತವಳಿಗೆ ಅದು ಮನೆಯೇ? ಇದನ್ನು ಯಾರಿಗೆ ಹೇಳುವುದು? ಹೇಳಿದರೆ, ಎಂದೂ ಜಗಳವಾಡದ ನಮ್ಮ ಪೈಕಿಯವರಲ್ಲಿ ಯಾರು ಇದಕ್ಕಾಗಿ ಬಿಲ್ಡರ್ ಎದುರು ನಿಂತಾರು?

ಡೊಂಬಿವಲಿಯಲ್ಲಿ ಇಳಿದೆವು. ಇವರು ಹಾಲು ತರಲು ಡೇರಿ ಕಡೆ ತಿರುಗಿದರು. ನಾನೊಬ್ಬಳೇ ಮೆಟ್ಟಿಲು ಹತ್ತಿದೆ.

ವೈಶಾಲಿಯ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಮನೆಯಲ್ಲೇ ಮಕ್ಕಳಿಗೆ ಟ್ಯೂಶನ್ ಹೇಳುತ್ತಾಳೆ, ಅವಳ ಮಗ್ಗಿ ಕೆಳಗಿನ ರಸ್ತೆಗೂ ಕೇಳುತ್ತದೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು, ಬಾಯಲ್ಲಿ ಬಹಳ ದೊಡ್ಡವಳು. ನೀರಿನ ಟ್ಯಾಂಕರಿಗೆ, ಪಾರ್ಕಿಂಗಿಗೆ, ಮೇಲಿನಿಂದ ಕಸ ಎಸೆಯುವವರಿಗೆ, ಎಲ್ಲರಿಗೂ ಅವಳ ಬಿಸಿ ತಟ್ಟಿದೆ. ಅವಳು ಶುರು ಮಾಡಿದಾಗೆಲ್ಲ ನಾನು ಮೆಲ್ಲಗೆ ನನ್ನ ಬಾಗಿಲು ಮುಂದೆ ಮಾಡಿಕೊಂಡಿದ್ದೇನೆ. ನಾವು ಠಾಣೆಗೆ ಯಾಕೆ ಹೋಗಿದ್ದೆವೆಂದು ಅವಳಿಗೆ ಹೇಳಿರಲಿಲ್ಲ, ಏನೋ ಕೆಲಸವಿದೆ ಅಂದಿದ್ದೆವು.

ಒಳಗೆ ಮಂಜರಿ ಟಿವಿ ಮುಂದೆ ಕೂತು ತೂಕಡಿಸುತ್ತಿದ್ದಳು. ವೈಶಾಲಿ ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಗಂಟಲು ಕಟ್ಟಿತ್ತು, ಮಾತು ಗರಗರ ಹೊರಡುತ್ತಿತ್ತು. ಏನಾಯಿತೇ ಎಂದು ಕೇಳಿದೆ. (ಅವಳ ಮರಾಠಿ ನನ್ನ ಕನ್ನಡದಲ್ಲಿ ಸ್ವಲ್ಪ ಸೌಮ್ಯವಾಗುತ್ತದೆ, ಹೊಟ್ಟೆಗೆ ಹಾಕಿಕೊಳ್ಳಿ.)

ನಾವು ಅತ್ತ ಹೋದ ಮೇಲೆ ಇತ್ತ ಸೊಸೈಟಿ ಆಫೀಸಿಗೆ ಬಿಲ್ಡರಿನ ಮನುಷ್ಯ ಬಂದಿದ್ದನಂತೆ, ಯಾರಿಗೆ ಯಾವ ಮಹಡಿ ಎಂದು ಹಂಚುವುದಕ್ಕೆ. ನಾವು ಊರಲ್ಲಿಲ್ಲ ಎಂದು ತಿಳಿದು ನಮಗೆ ಹನ್ನೊಂದನೆಯದನ್ನು ಹಾಕಿದ್ದ. ಕೆಳಗಿನ ಮಹಡಿಗಳನ್ನು ಕ್ಲಿನಿಕ್ಕು, ಆಫೀಸುಗಳಿಗೆ ಮಾರಲು ಇಟ್ಟುಕೊಂಡಿದ್ದಾರಂತೆ. ಆ ಹುಡುಗಿ ಲಿಫ್ಟ್ ಹತ್ತುವುದಿಲ್ಲ, ಮೊದಲನೇ ಮಹಡಿ ಬರಿ ಅಂದಳು ಇವಳು. ಆಗುವುದಿಲ್ಲ ಅಂದ ಅವನು. ಆಗುವತನಕ ಈ ಬಿಲ್ಡಿಂಗಿನಿಂದ ಒಂದು ಸಹಿಯೂ ನಿನಗೆ ಸಿಗುವುದಿಲ್ಲ ಎಂದು ಇವಳು ಬಾಗಿಲಿಗೆ ಅಡ್ಡ ನಿಂತಳು. ಸೆಕ್ರೆಟರಿ ಸಮಾಧಾನಕ್ಕೆ ಚಹಾ ತರಿಸಿದ, ಇವಳು ಮುಟ್ಟಲಿಲ್ಲ. ಕೆಳಗಿನ ಜೋಶಿ ಆಜಿ ಕೋಲೂರಿಕೊಂಡು ಬಂದು ಇವಳ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಕಡೆಗೆ ಅವನು ಮೊದಲನೇ ಮಹಡಿ ಎಂದು ಪೆನ್ಸಿಲ್ಲಿನಲ್ಲಿ ಬರೆದ. ಇವಳು ಅವನ ಕೈಗೆ ಪೆನ್ನು ಕೊಟ್ಟಳು.

ನಾನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತಿದ್ದೆ.

ಅದರ ಪಕ್ಕದ ಫ್ಲ್ಯಾಟನ್ನು ತಮಗೇ ಬರೆಸಿಕೊಂಡಳಂತೆ. ಅವಳ ಗಂಡನಿಗೆ ತುದಿಯ ಮಹಡಿ ಬೇಕಿತ್ತು, ಬೆಳಿಗ್ಗೆ ಎದ್ದರೆ ಮಲಂಗಗಡದ ಗುಡ್ಡ ಕಾಣಬೇಕು ಎಂದು ವರ್ಷದಿಂದ ಕನಸು ಕಟ್ಟಿದ್ದ. ಅವನು ಮಾತು ಬಿಟ್ಟು ಒಳಗೆ ಮಲಗಿದ್ದಾನಂತೆ. ನಮ್ಮ ಮಹಡಿ ನಮಗಾಯಿತು, ನೀನ್ಯಾಕೆ ನಿನ್ನದನ್ನು ಬಿಟ್ಟೆ ಎಂದು ಕೇಳಿದೆ.

ವೈಶಾಲಿ ತಲೆ ಎತ್ತಲಿಲ್ಲ. ಒಂದು ಹಳದಿ ಎಲೆ ಆರಿಸಿ ಪಕ್ಕಕ್ಕಿಟ್ಟಳು.

"ನಿಮ್ಮದೇನು ವಹಿನಿ, ಇವತ್ತು ಇದ್ದೀರಿ, ನಾಳೆ ಇಲ್ಲ. ಆಮೇಲೆ ಮಂಜು ಒಬ್ಬಳೇ ಕೆಳಗಿರಬೇಕಾ?"